ಐದನೇ ಪುಟದ ಆ ತಾಯಿ

ನಮಸ್ಕಾರ ಮೇಡಂ,

‘ಪೋಷಕರ ಒಪ್ಪಿಗೆ ಇಲ್ಲದೆ ಲೈಂಗಿಕ ಶಿಕ್ಷಣ ಬೇಡ’ ಅನ್ನೋ ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸಿಲ್ಲ. ಯಾಕೆಂದರೆ ಐದನೇ ಪುಟದಲ್ಲಿ ನಿಮಗೆ ಒಂದು ಒಳ್ಳೆಯ ಲೇಖನ ಸಿಕ್ಕಿದೆ, ನೀವು ಅದನ್ನ ಮೂರೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ.

ನಿಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿಯ ಸಭೆ. ಬಿಸಿಯೂಟದ ಬೇಳೆ, ಕಾಂಪೌಂಡಿನ ಗೋಡೆ ಎಲ್ಲ ಮುಗಿದ ಮೇಲೆ, ಮೇಲಿನ ತರಗತಿ ಮಕ್ಕಳಿಗೆ ದೇಹದ ಬದಲಾವಣೆ ಬಗ್ಗೆ ಪಾಠ ಇಡುತ್ತೇವೆ ಅಂತ ಹೆಡ್‌ಮಾಸ್ಟರ್ ಹೇಳುತ್ತಾರೆ. ಯಾರೂ ಮಾತಾಡಲ್ಲ. ಹಿಂದೆ ಕೂತ ಒಬ್ಬ ತಾಯಿ, ಎದ್ದು ನಿಲ್ಲದೆ ಸೆರಗು ಸರಿಮಾಡಿಕೊಳ್ಳುತ್ತಾ ಕೇಳುತ್ತಾರೆ: ‘ಪಾಠ ಮಾಡೋದ್ಯಾರು, ಮೇಷ್ಟ್ರಾ, ಟೀಚರ್ರಾ?’

ಅಷ್ಟೇ. ಮುಂದಿನ ಸಾಲಿನಲ್ಲಿ ನೀವು ‘ಹೀಗೆ ಪೋಷಕರ ವಿರೋಧ ಸ್ಪಷ್ಟವಾಗಿತ್ತು’ ಎಂದು ಬರೆದಿದ್ದೀರಿ. ಎಲ್ಲಿತ್ತು ವಿರೋಧ? ಆ ತಾಯಿ ಬೇಡ ಅನ್ನಲಿಲ್ಲ. ಯಾರು ಅಂತ ಕೇಳಿದರು. ಪಾಠ ನಡೆಯುತ್ತದೆ ಅಂತ ಒಪ್ಪಿಕೊಂಡವರು ಮಾತ್ರ ಕೇಳುವ ಪ್ರಶ್ನೆ ಅದು. ಗಂಡು ಹೆಣ್ಣು ಮಕ್ಕಳನ್ನ ಒಟ್ಟಿಗೆ ಕೂರಿಸ್ತೀರಾ, ಪುಸ್ತಕ ಮೊದಲು ನಮಗೆ ತೋರಿಸ್ತೀರಾ, ಮಗು ಮನೆಗೆ ಬಂದು ಏನಾದರೂ ಕೇಳಿದರೆ ನಾವೇನು ಹೇಳಬೇಕು? ಪೋಷಕರನ್ನ ನಿಜವಾಗಿ ಕಾಡುವುದು ಇಂಥವೇ. ನಿಮ್ಮ ಹನ್ನೊಂದು ಪುಟದಲ್ಲಿ ‘ಪೋಷಕರು’ ಅನ್ನೋ ಪದ ಪ್ಯಾರಾಗೊಂದು ಸಲ ಬರುತ್ತದೆ, ಆದರೆ ಬಾಯಿಬಿಟ್ಟು ಮಾತಾಡಿದ ಪೋಷಕರು ಇವರೊಬ್ಬರೇ. ಅವರಿಂದಲೇ ಶುರು ಮಾಡಿ.

ಇನ್ನು ಕಾನೂನಿನ ಭಾಗ. ‘ಪಠ್ಯ ತೀರ್ಮಾನಿಸುವ ಹಕ್ಕು ಪೋಷಕರಿಗೆ ಈಗಾಗಲೇ ಇದೆ’ ಎಂದಿದ್ದೀರಿ. ಇಲ್ಲ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಆದರೆ ಅವರಿಗೆ ಕೊಟ್ಟಿರುವ ಕೆಲಸ ಶಾಲೆ ಹೇಗೆ ನಡೀತಿದೆ ಅಂತ ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಖರ್ಚು ಗಮನಿಸುವುದು. ಪಠ್ಯಕ್ರಮದ ಮಾತು 29ನೇ ಕಲಂನಲ್ಲಿದೆ, ಅದು ಸರ್ಕಾರ ಗೊತ್ತುಮಾಡಿದ ಶೈಕ್ಷಣಿಕ ಸಂಸ್ಥೆಯ ಕೆಲಸ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗಂತೂ ಈ ಸಮಿತಿಯೇ ಕಡ್ಡಾಯ ಅಲ್ಲ. ಅಂದರೆ ಗೋಡೆ, ಬೇಳೆ ವಿಷಯದಲ್ಲಿ ಆ ತಾಯಿಯ ಮಾತಿಗೆ ಕಾನೂನಿನ ಬೆಲೆ ಇದೆ, ಪಾಠದ ವಿಷಯಕ್ಕೆ ಬಂದಾಗ ಅವರು ಕೇಳಬಹುದು, ಅಷ್ಟೇ. ನಿಮ್ಮ ವಾದಕ್ಕೆ ಬಲ ಬರೋದು ಇಲ್ಲಿಂದ, ಇಲ್ಲದ ಹಕ್ಕನ್ನ ಇದೆ ಅಂದರೆ ಬಲ ಹೋಗುತ್ತದೆ.

2007ರ ವಿಷಯದಲ್ಲೂ ತಪ್ಪಿದ್ದೀರಿ. ಕೇಂದ್ರ ಸರ್ಕಾರ ಶಾಲೆಗಳಿಗೆ ತಂದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನ ‘ಪೋಷಕರು ನಿಲ್ಲಿಸಿದರು’ ಎಂದು ಬರೆದಿದ್ದೀರಿ. ನಿಲ್ಲಿಸಿದ್ದು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಗಳು. 2009ರಲ್ಲಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದಿದ್ದು ವೆಂಕಯ್ಯ ನಾಯ್ಡು ಅಧ್ಯಕ್ಷರಾಗಿದ್ದ ರಾಜ್ಯಸಭೆಯ ಅರ್ಜಿಗಳ ಸಮಿತಿ. ತಂದೆತಾಯಿ ಹೆಸರಿನಲ್ಲಿ ಬೇರೆಯವರು ಮಾತಾಡುವುದು ಹೊಸದಲ್ಲ, ನಿಮ್ಮ ಲೇಖನವೂ ಆ ಸಾಲಿಗೆ ಸೇರಬಾರದು.

‘ವಿದೇಶಗಳಲ್ಲಿ’ ಅಂತ ನಾಲ್ಕು ಕಡೆ ಇದೆ. ಯಾವ ದೇಶ? ಇಂಗ್ಲೆಂಡನ್ನೇ ತಗೊಳ್ಳಿ. ಅಲ್ಲಿ 2020ರಿಂದ ಶಾಲೆಗಳು ಈ ವಿಷಯದ ನೀತಿ ಮಾಡುವಾಗ ಪೋಷಕರನ್ನ ಕೇಳಲೇಬೇಕು. ಲೈಂಗಿಕ ಶಿಕ್ಷಣದ ಪಾಠಕ್ಕೆ ನಮ್ಮ ಮಗು ಬೇಡ ಅಂತ ಮನವಿ ಕೊಡಬಹುದು, ಆದರೆ ಮಗುವಿಗೆ 16 ತುಂಬುವುದಕ್ಕೆ ಮೂರು ಟರ್ಮ್ (ಅಲ್ಲಿ ಒಂದು ಶಾಲಾ ವರ್ಷ) ಮುಂಚೆಯಿಂದ ಮಗುವೇ ಬೇಕು ಅಂದರೆ ಶಾಲೆ ಅದಕ್ಕೆ ಪಾಠದ ವ್ಯವಸ್ಥೆ ಮಾಡಬೇಕು. ಕೇಳುವುದು ಕಡ್ಡಾಯ, ತಡೆಯುವ ಅಧಿಕಾರಕ್ಕೆ ಮಿತಿ ಇದೆ. ನಾವು ಮಾತಾಡಬೇಕಾದ ವ್ಯತ್ಯಾಸ ಇದೇ ಅಲ್ವಾ?

ಈಗ ನಮ್ಮಿಬ್ಬರ ನಡುವಿನ ನಿಜವಾದ ಜಗಳಕ್ಕೆ ಬರುತ್ತೇನೆ. ಪ್ರತಿ ಮನೆಯಿಂದ ಸಹಿ ಬಂದರೆ ಮಾತ್ರ ಪಾಠ ಅನ್ನುತ್ತೀರಿ. ಸಹಿ ಬಾರದ ಮನೆಯ ಮಗುವಿನ ಕಥೆ ಏನು? ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ದೌರ್ಜನ್ಯ ಮಾಡಿದವರಲ್ಲಿ ಸುಮಾರು ಅರ್ಧ ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಸಹಿಗಾಗಿ ನೀವು ಚೀಟಿ ಕಳಿಸುವ ಮನೆಗಳಲ್ಲಿ ಅಂಥ ಮನೆಯೂ ಇರುತ್ತದೆ. 2022ರಲ್ಲಿ ನಮ್ಮ ಹೈಕೋರ್ಟೇ 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ, ಅಂದರೆ ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ ತಿಳಿಸಿಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಅದನ್ನೂ ಸಹಿ ಕೇಳಿ ಹೇಳಬೇಕಾ? ನೀವು ನನ್ನನ್ನ ಒಪ್ಪಲೇಬೇಕು ಅಂತಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಇಲ್ಲದೆ ಲೇಖನ ಮುಗಿಸಬೇಡಿ.

ನಾನೂ ಒಬ್ಬ ಅಪ್ಪ. ಮಗ 10ನೇ ತರಗತಿಯಲ್ಲಿದ್ದಾಗ ಅವನ ವಿಜ್ಞಾನದ ಪುಸ್ತಕ ತೆಗೆದು ನೋಡಿದೆ. ಎಲ್ಲ ಅಧ್ಯಾಯದಲ್ಲೂ ಪೆನ್ಸಿಲ್ ಗೆರೆ, ಅಂಚಿನಲ್ಲಿ ‘ಇಂಪಾರ್ಟೆಂಟ್’, ಹಾಳೆ ಮಡಚಿದ ಗುರುತು. ಸಂತಾನೋತ್ಪತ್ತಿ ಅಧ್ಯಾಯದಲ್ಲಿ ಹೂವಿನ ಚಿತ್ರದವರೆಗೆ ಗೆರೆ ಇತ್ತು, ಮನುಷ್ಯರ ಭಾಗ ಬಂದ ಮೇಲೆ ಹಾಳೆ ಇನ್ನೂ ಹೊಸ ಪುಸ್ತಕದ ಹಾಗೇ ಇತ್ತು. ಕೇಳಿದೆ. ‘ಮನೇಲಿ ಓದ್ಕೊಳ್ಳಿ ಅಂದ್ರು’ ಅಂದ. ಶಾಲೆಯವರು ಮನೆಗೆ ಬಿಟ್ಟಿದ್ದರು, ನಾನು ಶಾಲೆಗೆ ಬಿಟ್ಟಿದ್ದೆ. ಆ ಸಂಜೆ ಇಬ್ಬರೂ ಕೂತು ಓದಿದೆವು. ಮೊದಲ ಹತ್ತು ನಿಮಿಷ ಇಬ್ಬರಿಗೂ ಕಷ್ಟ ಆಯಿತು, ಆಮೇಲೆ ಅವನೇ ಪ್ರಶ್ನೆ ಕೇಳೋಕೆ ಶುರು ಮಾಡಿದ. ಅದಕ್ಕೇ ನಿಮ್ಮ ಲೇಖನ ಬಿಡೋಕೆ ಮನಸ್ಸಾಗುತ್ತಿಲ್ಲ.

ಹಾಗಾಗಿ ಇಷ್ಟು ಮಾಡಿ. ‘ಭಾರತೀಯ ಸಂಸ್ಕೃತಿ’ಯ ಎರಡು ಪುಟ ಪೂರ್ತಿ ತೆಗೆಯಿರಿ, ಅದರಲ್ಲಿ ಯಾವ ಮನೆಯೂ ಕಾಣಲ್ಲ. ಆ ತಾಯಿಯ ಹತ್ತಿರ ಮತ್ತೆ ಹೋಗಿ. ಹೆಡ್‌ಮಾಸ್ಟರ್ ಏನು ಉತ್ತರ ಕೊಟ್ಟರು, ಅದು ಅವರಿಗೆ ಸಮಾಧಾನ ಆಯಿತಾ, ಮಗಳಿಗೆ ಮುಟ್ಟಿನ ಬಗ್ಗೆ ಮೊದಲು ಹೇಳಿದ್ದು ಯಾರು, ಎಲ್ಲ ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಆ ಪಾಠ ಮಾಡಬೇಕಾದ ಟೀಚರ್ ಜೊತೆಗೂ ಮಾತಾಡಿ. ಇಂಥ ಪಾಠ ಮಾಡಿ ಅಂತ ಅವರಿಗೆ ಹೇಳುವವರು ಇದ್ದಾರೆ, ಹೇಗೆ ಅಂತ ಯಾರಾದರೂ ಹೇಳಿಕೊಟ್ಟಿದ್ದಾರಾ ಕೇಳಿ. ಅವರು ಹೇಳಿದ್ದನ್ನ ಅವರ ಮಾತಿನಲ್ಲೇ ಇಡಿ, ತಿದ್ದಬೇಡಿ. ಬರೆಯುವ ಮುಂಚೆ ಇಬ್ಬರ ಒಪ್ಪಿಗೆಯೂ ಬೇಕು. ಹೆಸರು ಬೇಡ, ಊರೂ ಬೇಡ. ಸಣ್ಣ ಊರಿನಲ್ಲಿ ‘ಎಸ್‌ಡಿಎಂಸಿ ಸದಸ್ಯೆ’ ಅಂದರೂ ಯಾರು ಅಂತ ಗೊತ್ತಾಗಿಬಿಡುತ್ತದೆ.

ಆರು ಪುಟ ಸಾಕು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹಾಕುವ ಆಸೆ ನನಗಿದೆ. ಮೇ ಮೂರನೇ ವಾರದೊಳಗೆ ಕಳಿಸೋಕೆ ಆಗುತ್ತಾ, ತಿಳಿಸಿ.