ಮೊದಲು ಅವನ ಭಾಷೆಯಲ್ಲಿ ಮಾತನಾಡಿ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಬಾಡಿಗೆ ಕ್ವಾರ್ಟರ್ಸಿನಲ್ಲಿರುವ ಬಿಹಾರದ ಹುಡುಗ 13 ವರ್ಷಕ್ಕೇ ಶಾಲೆ ಬಿಟ್ಟು ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದಾನೆ, ಸಂಜೆ ಪಾಠ ಯಾವ ಭಾಷೆಯಲ್ಲಿ ಹೇಳಲಿ ಎಂದು ಕೇಳಿದ್ದೀರಿ. ಹಿಂದಿಯಲ್ಲಿಯೇ ಶುರುಮಾಡಿ. ಕನ್ನಡವೋ ಮಲಯಾಳವೋ ಎಂಬ ನಮ್ಮೂರಿನ ಚರ್ಚೆ ಆಮೇಲೆ ಇರಲಿ.

ಕುಂಬಳೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಕೋಣೆಯ ಉದ್ದಗಲ ಹೇಳಿದರೆ ಸಾಕು, ಎಷ್ಟು ಟೈಲ್ಸ್ ಬೇಕೆಂದು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ತೋರಿಸಿದರೆ ತಲೆ ತಗ್ಗಿಸಿ ಪೆನ್ಸಿಲಿನ ತುದಿ ಕಚ್ಚುತ್ತಿದ್ದ. ಅವನನ್ನು ಶಾಲೆಯಲ್ಲಿ ದಡ್ಡನೆಂದು ಹಿಂದಿನ ಬೆಂಚಿಗೆ ಕೂರಿಸಿದ್ದರು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ 'ರೋಶ್ನಿ' ಯೋಜನೆಯೂ ವಲಸೆ ಮಕ್ಕಳಿಗೆ ಅವರ ಭಾಷೆ ಬಲ್ಲ ಸ್ವಯಂಸೇವಕರ ಮೂಲಕವೇ ಮಲಯಾಳ ಕಲಿಸಿತು.

ಶಾಲೆಗೆ ಮರಳಿ ಸೇರಿಸಲು ದಾಖಲೆಯಿಲ್ಲವೆಂದು ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. 14ರ ಒಳಗಿನವರನ್ನು ಹೀಗೆ ಕೂಲಿಗೆ ಇಟ್ಟುಕೊಳ್ಳುವುದೂ ಅಪರಾಧ. ಮೇಸ್ತ್ರಿ ಪಟ್ಟು ಹಿಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆದರೆ ಮೊದಲು ತಾಯಿಯೊಡನೆ ಕುಳಿತು ಮಾತನಾಡಿ. ಅವನ ಕೂಲಿಯಿಂದ ಮನೆಯ ಯಾವ ಖರ್ಚು ನಡೆಯುತ್ತಿದೆ ಎಂದು ತಿಳಿಯದೆ ದುಡುಕಬೇಡಿ.

ಒಬ್ಬರೇ ನಿಭಾಯಿಸುವುದು ಕಷ್ಟ. ಹತ್ತಿರದ ವಾಚನಾಲಯದಲ್ಲಿ ಸಂಜೆ ಜಾಗ ಕೇಳಿ. ದಿನವೂ ಒಂದೇ ಹೊತ್ತಿಗೆ, ಒಂದೇ ಮುಖ ಅವನಿಗೆ ಕಾಣಲಿ. ಮೊದಲ ವಾರ ಪುಸ್ತಕ ತೆರೆಯಲೇಬೇಡಿ, ಕೇರಂ ಆಡಿ.