ಎರಡು ತಿಂಗಳು ನಿಂತಿದ್ದ ಬೈಕ್ ಸೆಲ್ಫ್ ತಗೊಳ್ತಿಲ್ಲ, ಒತ್ತಿದ್ರೆ ಟಕ್ ಟಕ್ ಅಂತ ಸದ್ದು ಬರತ್ತೆ, ಮೀಟರ್ ಲೈಟ್ ಮಂಕಾಗತ್ತೆ, ಬ್ಯಾಟ್ರಿ ಮನೇಲೇ ಚಾರ್ಜ್ ಮಾಡ್ಬಹುದಾ ಇಲ್ಲಾ ಕಾರಿಂದ ಜಂಪ್ ಸ್ಟಾರ್ಟ್ ಮಾಡ್ಲಾ?

ಎರಡೂ ಮಾಡ್ಬಹುದು, ಆದ್ರೆ ಅವು ಬೇರೆ ಬೇರೆ ಕೆಲ್ಸ ಅನ್ನೋದು ಮೊದ್ಲು ತಲೇಲಿರ್ಲಿ. ಜಂಪ್ ಸ್ಟಾರ್ಟ್, ಅಂದ್ರೆ ಇನ್ನೊಂದು ಬ್ಯಾಟ್ರಿಯಿಂದ ಕೇಬಲ್‌ನಲ್ಲಿ ಕರೆಂಟ್ ತಗೊಂಡು ಸ್ಟಾರ್ಟ್ ಮಾಡಿದ್ರೆ ಇಂಜಿನ್ ಸ್ಟಾರ್ಟ್ ಆಗತ್ತೆ ಅಷ್ಟೇ, ಬ್ಯಾಟ್ರಿ ಖಾಲಿ ಇದ್ದಿದ್ದು ಖಾಲೀನೇ ಇರತ್ತೆ. ಬೈಕ್ ಈಗ್ಲೇ ಬೇಕು ಅನ್ನೋ ಅರ್ಜೆಂಟ್ ಇಲ್ಲ ಅಂದ್ರೆ ನನ್ನ ಸಲಹೆ ಒಂದೇ, ಬ್ಯಾಟ್ರಿ ಬಿಚ್ಚಿ ಸಣ್ಣ ಚಾರ್ಜರ್‌ಗೆ ಹಾಕಿ ರಾತ್ರಿ ಪೂರ್ತಿ ನಿಧಾನಕ್ಕೆ ಚಾರ್ಜ್ ಮಾಡಿ. ನಾನು ನನ್ನ ಬೈಕ್‌ಗೂ ಸ್ನೇಹಿತರ ಬೈಕ್‌ಗಳಿಗೂ ವರ್ಷಗಳಿಂದ ಹೀಗೇ ಮಾಡ್ಕೊಂಡು ಬಂದಿದೀನಿ, ಸರಿಯಾಗಿ ಚಾರ್ಜ್ ಮಾಡಿದ ಬ್ಯಾಟ್ರಿ ಎಷ್ಟೋ ಸಲ ಹೊಸದು ತಗೊಳ್ಳೋ ಖರ್ಚನ್ನೇ ಉಳ್ಸಿದೆ.

ಸೆಲ್ಫ್ ಒತ್ತಿದಾಗ ಟಕ್ ಟಕ್ ಅಂತ ಸದ್ದು ಬರತ್ತೆ, ಮೀಟರ್ ಲೈಟ್ ಮಂಕಾಗತ್ತೆ ಅಂತ ಬರ್ದಿದೀರ. ಅಂದ್ರೆ ರಿಲೇ (ಸ್ಟಾರ್ಟರ್‌ಗೆ ಕರೆಂಟ್ ಬಿಡೋ ಸ್ವಿಚ್) ಎಳ್ಕೊಳ್ಳೋವಷ್ಟು ಕರೆಂಟ್ ಇದೆ, ಸ್ಟಾರ್ಟರ್ ಮೋಟಾರ್ ತಿರುಗೋವಷ್ಟು ಇಲ್ಲ. ಆದ್ರೆ ಟರ್ಮಿನಲ್ ಲೂಸ್ ಇದ್ರೂ, ಇಲ್ಲಾ ಅದರ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೂ ಥೇಟ್ ಇದೇ ಥರ ಆಗತ್ತೆ, ಅದಕ್ಕೇ ಚಾರ್ಜರ್ ಹುಡ್ಕೋಕೆ ಮುಂಚೆ ಸೀಟ್ ತೆಗೆದು ಟರ್ಮಿನಲ್ ಕೈಯಲ್ಲಿ ಅಲ್ಲಾಡ್ಸಿ ನೋಡಿ. ಪುಡಿ ಇದ್ರೆ ಬ್ಯಾಟ್ರಿ ಬಿಚ್ಚಿಟ್ಟು, ಬಿಸಿನೀರಲ್ಲಿ ಅಡುಗೆ ಸೋಡಾ ಕಲ್ಸಿ ಹಳೇ ಬ್ರಷ್‌ನಲ್ಲಿ ಉಜ್ಜಿ, ನೊರೆ ಬರೋದು ನಿಂತ ಮೇಲೆ ಒರ್ಸಿ ಪೂರ್ತಿ ಒಣಗ್ಸಿ, ಬ್ಯಾಟ್ರಿ ಒಳಗಡೆ ಮಾತ್ರ ಒಂದು ಹನಿ ಸೋಡಾ ನೀರೂ ಹೋಗ್ಬಾರ್ದು.

ಆಮೇಲೆ ಮಲ್ಟಿಮೀಟರ್, ಅಂದ್ರೆ ವೋಲ್ಟೇಜ್ ಅಳೆಯೋ ಸಣ್ಣ ಮೀಟರ್. ಯಾರ ಹತ್ರಾನಾದ್ರೂ ಇಸ್ಕೊಳ್ಳಿ, ಇದಿಲ್ದೆ ಮಾಡೋದೆಲ್ಲ ಬರೀ ಊಹೆ. ಡಿಸಿ 20 ವೋಲ್ಟ್‌ಗೆ ತಿರುಗ್ಸಿ ಕೆಂಪು ವೈರ್ ಪ್ಲಸ್‌ಗೆ ಕಪ್ಪು ವೈರ್ ಮೈನಸ್‌ಗೆ ಇಡಿ. 12.6ರಿಂದ 12.8 ಇದ್ರೆ ಬ್ಯಾಟ್ರಿ ಫುಲ್, 12.2ರ ಹತ್ರ ಇದ್ರೆ ಹೆಚ್ಚೂಕಮ್ಮಿ ಅರ್ಧ, 12ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಖಾಲಿ ಆಗ್ತಾ ಬಂದಿದೆ. ಒಳಗೆ ಆರು ಸೆಲ್ ಇರತ್ತೆ, ಒಂದೊಂದೂ ಸುಮಾರು 2.1 ವೋಲ್ಟ್, ಹಾಗಾಗಿ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಲ್ಲೇ ನಿಂತ್ಕೊಂಡ್ರೆ ಒಂದು ಸೆಲ್ ಶಾರ್ಟ್ ಆಗಿದೆ ಅಂತ ಅರ್ಥ, ಅಂಥ ಬ್ಯಾಟ್ರಿ ಮೇಲೆ ಇನ್ನು ಟೈಮ್ ಹಾಕ್ಬೇಡಿ.

ಬ್ಯಾಟ್ರಿ ಬಿಚ್ಚುವಾಗ ಮೊದ್ಲು ಮೈನಸ್, ಆಮೇಲೆ ಪ್ಲಸ್. ವಾಪಸ್ ಹಾಕುವಾಗ ಮೊದ್ಲು ಪ್ಲಸ್, ಕೊನೇಲಿ ಮೈನಸ್. ಇದ್ರ ಕಾರಣ ಏನಂದ್ರೆ ಬೈಕ್ ಫ್ರೇಮ್ ಪೂರ್ತಿ ಮೈನಸ್‌ಗೆ ಸೇರಿರತ್ತೆ, ಮೈನಸ್ ಇನ್ನೂ ಇರುವಾಗ ಪ್ಲಸ್ ಬೋಲ್ಟ್ ಬಿಚ್ಚೋಕೆ ಹೋಗಿ ಸ್ಪ್ಯಾನರ್‌ನ ಇನ್ನೊಂದು ತುದಿ ಫ್ರೇಮ್‌ಗೆ ತಾಗಿದ್ರೆ ನೇರ ಶಾರ್ಟ್, ಸ್ಪ್ಯಾನರ್ ಕೆಂಪಗೆ ಕಾಯೋವಷ್ಟು ಕರೆಂಟ್ ಹರಿಯತ್ತೆ. ಕೈಗೆ ಉಂಗುರ, ಲೋಹದ ಬಳೆ, ವಾಚ್ ಇದ್ರೆ ತೆಗೆದಿಟ್ಟು ಕೂತ್ಕೊಳ್ಳಿ.

ಈಗ ಚಾರ್ಜರ್ ವಿಷ್ಯ, ಜನ ಬ್ಯಾಟ್ರಿ ಹಾಳು ಮಾಡ್ಕೊಳ್ಳೋದು ಇಲ್ಲೇ. ಬ್ಯಾಟ್ರಿ ಮೇಲೆ ಎಷ್ಟು ಆಂಪಿಯರ್ ಅವರ್ (Ah, ಬ್ಯಾಟ್ರಿ ಎಷ್ಟು ಹಿಡಿಯತ್ತೆ ಅನ್ನೋ ಅಳತೆ) ಅಂತ ಬರ್ದಿರತ್ತೆ, ಅದರ ಹತ್ತನೇ ಒಂದು ಭಾಗ ಕರೆಂಟ್ ಕೊಟ್ರೆ ಸಾಕು, ಅಂದ್ರೆ 5 ಆಂಪಿಯರ್ ಅವರ್ ಬ್ಯಾಟ್ರಿಗೆ ಅರ್ಧ ಆಂಪಿಯರ್, 9ರದ್ದಕ್ಕೆ 0.9. ಕಾರ್ ಬ್ಯಾಟ್ರಿಗೆ ಅಂತ ಇರೋ 5, 10 ಆಂಪಿಯರ್ ಚಾರ್ಜರ್ ಇದಕ್ಕೆ ಹಾಕಿದ್ರೆ ಬ್ಯಾಟ್ರಿ ಬಿಸಿ ಆಗತ್ತೆ, ಒಳಗಿನ ನೀರು ಗ್ಯಾಸ್ ಆಗಿ ಹೋಗತ್ತೆ, ಸೀಲ್ಡ್ ಬ್ಯಾಟ್ರಿ ಆದ್ರೆ ಹೋದ ನೀರು ತುಂಬೋಕೂ ಆಗಲ್ಲ, ಪಕ್ಕೆ ಉಬ್ಬಿ ಹೋಗತ್ತೆ. ತುಂಬಿದ ತಕ್ಷಣ ತಾನೇ ಕಮ್ಮಿ ಮಾಡ್ಕೊಳ್ಳೋ ಸ್ಮಾರ್ಟ್ ಚಾರ್ಜರ್ ಒಂದು ತಗೊಳ್ಳಿ ಅಂತ ನಾನು ಯಾರು ಕೇಳಿದ್ರೂ ಹೇಳ್ತೀನಿ, ಅದು ಸುಮಾರು 14.4 ವೋಲ್ಟ್‌ವರೆಗೆ ಏರ್ಸಿ ಆಮೇಲೆ ಇಳ್ಸಿ ಹಿಡ್ಕೊಳ್ಳತ್ತೆ, ನೀವು ಪಕ್ಕದಲ್ಲಿ ಕಾಯ್ತಾ ಕೂರ್ಬೇಕಿಲ್ಲ. ಮೊಬೈಲ್ ಚಾರ್ಜರ್ 5 ವೋಲ್ಟ್, ಅದ್ರಿಂದ ಏನೂ ಆಗಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕತ್ತರಿಸಿ ಜೋಡ್ಸೋ ವಿಡಿಯೋ ನೋಡಿರ್ತೀರ, ದಯವಿಟ್ಟು ಬೇಡ, ಅವು ಸಾಮಾನ್ಯವಾಗಿ 19 ವೋಲ್ಟ್ ಇರತ್ತೆ, ನಿಲ್ಸೋ ವ್ಯವಸ್ಥೆ ಇರಲ್ಲ. ನಿಮ್ಮದು ಲಿಥಿಯಂ ಬ್ಯಾಟ್ರಿ ಆಗಿದ್ರೆ ಲಿಥಿಯಂಗೆ ಅಂತಲೇ ಬರೋ ಚಾರ್ಜರ್ ಬೇಕು.

ಚಾರ್ಜ್ ಮಾಡೋ ಜಾಗ ಗಾಳಿ ಆಡೋ ಹಾಗಿರ್ಲಿ, ಬೆಡ್‌ರೂಮ್, ಮುಚ್ಚಿದ ಸ್ಟೋರ್ ರೂಮ್, ಗ್ಯಾಸ್ ಒಲೆ ಪಕ್ಕ ಯಾವುದೂ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರತ್ತೆ, ಗಾಳೀಲಿ ಶೇಕಡಾ 4ರಷ್ಟು ಸೇರಿದ್ರೂ ಒಂದು ಕಿಡಿಗೆ ಹೊತ್ಕೊಳ್ಳತ್ತೆ. ಅದಕ್ಕೇ ಕ್ಲಿಪ್ ಮೊದ್ಲು ಬ್ಯಾಟ್ರಿಗೆ ಹಾಕಿ ಆಮೇಲೆ ಗೋಡೆ ಸ್ವಿಚ್ ಹಾಕ್ಬೇಕು, ತೆಗೆಯುವಾಗ ಮೊದ್ಲು ಸ್ವಿಚ್ ಆಫ್ ಮಾಡಿ ಆಮೇಲೆ ಕ್ಲಿಪ್ ಕೀಳ್ಬೇಕು. ಮೇಲ್ಗಡೆ ಮುಚ್ಚಳ ಇರೋ ಹಳೇ ಥರದ ಬ್ಯಾಟ್ರಿ ಆದ್ರೆ ಚಾರ್ಜ್‌ಗೆ ಮುಂಚೆ ಲೆವೆಲ್ ನೋಡಿ, ಪ್ಲೇಟ್ ಕಾಣ್ತಿದ್ರೆ ಅವು ಮುಳುಗೋವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಮೇಲಿನ ಗೆರೆವರೆಗೆ ತುಂಬೋದು ಚಾರ್ಜ್ ಆದ್ಮೇಲೆ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಮೆಂಟೆನೆನ್ಸ್ ಫ್ರೀ ಅಂತ ಬರ್ದಿದ್ರೆ ಮೇಲಿನ ಪಟ್ಟಿ ಎಬ್ಬೋಕೆ ಹೋಗ್ಬೇಡಿ.

ಪೂರ್ತಿ ಖಾಲಿ ಬ್ಯಾಟ್ರಿ ತುಂಬೋಕೆ ಹತ್ತು ಹನ್ನೆರಡು ಗಂಟೆ ಹಿಡಿಯತ್ತೆ, ಅವಸರ ಪಡ್ಬೇಡಿ. ಕೆಲವು ಸ್ಮಾರ್ಟ್ ಚಾರ್ಜರ್‌ಗಳು ತೀರಾ ಕೆಳಗಿಳಿದ ಬ್ಯಾಟ್ರಿಯನ್ನ ಗುರುತೇ ಹಿಡಿಯಲ್ಲ, ಲೈಟ್ ಎರರ್ ತೋರ್ಸತ್ತೆ, ಆಗ ಚಾರ್ಜರ್ ಕೆಟ್ಟಿದೆ ಅಂದ್ಕೊಳ್ಳದೆ ರಿಕವರಿ ಮೋಡ್ (ತೀರಾ ಖಾಲಿಯಾದ ಬ್ಯಾಟ್ರಿ ಎಬ್ಬಿಸೋ ಸೆಟ್ಟಿಂಗ್) ಇದ್ಯಾ ನೋಡಿ. ಚಾರ್ಜ್ ಆದ್ಮೇಲೆ ಒಂದೆರಡು ಗಂಟೆ ಸುಮ್ನೆ ಬಿಟ್ಟು ಆಮೇಲೆ ವೋಲ್ಟೇಜ್ ನೋಡಿ, ಬಿಚ್ಚಿದ ತಕ್ಷಣ ತೋರ್ಸೋ 13 ಚಿಲ್ಲರೆ ನಂಬೋ ಹಾಗಿಲ್ಲ. ಬೈಕ್‌ಗೆ ಹಾಕಿ, ಮೀಟರ್ ವೈರ್ ಟರ್ಮಿನಲ್ ಮೇಲೇ ಹಿಡಿದು ಇನ್ನೊಬ್ರಿಗೆ ಸೆಲ್ಫ್ ಒತ್ತೋಕೆ ಹೇಳಿ. 12.7 ಇದ್ದಿದ್ದು ಸಟ್ಟಂತ 10.8, 11ಕ್ಕೆ ಇಳಿದು ಇಂಜಿನ್ ಸ್ಟಾರ್ಟ್ ಆದ ಕೂಡ್ಲೇ ಮೇಲೆ ಬಂದ್ರೆ ಬ್ಯಾಟ್ರಿ ಗಟ್ಟಿ ಇದೆ. 9ಕ್ಕೋ 8ಕ್ಕೋ ಬಿದ್ರೆ ವೋಲ್ಟೇಜ್ ಬರೀ ತೋರಿಕೆ, ಒಳಗೆ ಶಕ್ತಿ ಇಲ್ಲ. ಖಾಲಿ ಇಟ್ಟಷ್ಟು ದಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗ್ತಾ ಹೋಗಿರತ್ತೆ, ಅದು ಒಂದು ಹಂತ ದಾಟಿದ್ರೆ ಯಾವ ಚಾರ್ಜರ್ ಹಾಕಿದ್ರೂ ಬರಲ್ಲ.

ಅರ್ಜೆಂಟ್ ಇದ್ದು ಜಂಪ್ ಸ್ಟಾರ್ಟೇ ಮಾಡ್ಬೇಕು ಅಂದ್ರೆ, ಕಾರ್ ಇಂಜಿನ್ ಆಫ್ ಇರ್ಲಿ, ಕಾರ್ ಬ್ಯಾಟ್ರಿ ಒಂದೇ ನಿಮ್ಮ ಬೈಕ್‌ಗೆ ಧಾರಾಳ. ಕೆಂಪು ಕೇಬಲ್ ಮೊದ್ಲು ನಿಮ್ಮ ಬ್ಯಾಟ್ರಿ ಪ್ಲಸ್‌ಗೆ, ಇನ್ನೊಂದು ತುದಿ ಕಾರ್ ಬ್ಯಾಟ್ರಿ ಪ್ಲಸ್‌ಗೆ. ಕಪ್ಪು ಕೇಬಲ್ ಕಾರ್ ಬ್ಯಾಟ್ರಿ ಮೈನಸ್‌ಗೆ, ಕೊನೇ ಕ್ಲಿಪ್ ಬೈಕ್ ಇಂಜಿನ್ ಮೇಲೆ ಪೇಂಟ್ ಇಲ್ಲದ ಯಾವುದಾದ್ರೂ ಬೋಲ್ಟ್‌ಗೆ, ಬ್ಯಾಟ್ರಿಯಿಂದ, ಪೆಟ್ರೋಲ್ ಪೈಪಿಂದ ದೂರ. ಆ ಕೊನೇ ಕ್ಲಿಪ್ ತಾಗುವಾಗ ಚಿಟ್ ಅಂತ ಸಣ್ಣ ಕಿಡಿ ಬರತ್ತೆ, ಅದು ಬ್ಯಾಟ್ರಿ ಹತ್ರ ಬರ್ಬಾರ್ದು ಅಂತಲೇ ಈ ಕ್ರಮ. ಸ್ಟಾರ್ಟ್ ಆದ್ಮೇಲೆ ಉಲ್ಟಾ ಕ್ರಮದಲ್ಲಿ ತೆಗೀರಿ, ಒಂದು ಕ್ಲಿಪ್ ಬ್ಯಾಟ್ರೀಲಿರುವಾಗ ಇನ್ನೊಂದನ್ನ ನೇತಾಡೋಕೆ ಬಿಡ್ಬೇಡಿ. ಪ್ಲಸ್ ಮೈನಸ್ ಅದಲು ಬದಲಾದ್ರೆ ಫ್ಯೂಸ್ ಅಷ್ಟೇ ಹೋದ್ರೆ ಪುಣ್ಯ, ಇಸಿಯು (ಇಂಜಿನ್ ನಡೆಸೋ ಸಣ್ಣ ಕಂಪ್ಯೂಟರ್), ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡೋ ಭಾಗ) ಕೂಡ ಹೋಗ್ಬಹುದು. ಎರಡೂ 12 ವೋಲ್ಟ್ ಅಂತ ಖಾತ್ರಿ ಮಾಡ್ಕೊಳ್ಳಿ, ಹಳೇ ಬೈಕ್ ಕೆಲವು 6 ವೋಲ್ಟ್, ಲಾರಿಗಳು 24 ಇರತ್ತೆ.

ಕೇಬಲ್ಲೂ ಇಲ್ಲ ಅಂದ್ರೆ ಕಿಕ್ಕರ್ ಇದ್ರೆ ಕಿಕ್ಕರ್, ಇಲ್ಲಾಂದ್ರೆ ಸೆಕೆಂಡ್ ಗೇರ್‌ನಲ್ಲಿ ತಳ್ಳಿ ಸ್ಟಾರ್ಟ್ ಮಾಡೋದು. ಕಾರ್ಬುರೇಟರ್ ಬೈಕ್ ಬಹಳ ಸಲ ತಗೊಳ್ಳತ್ತೆ, ಫ್ಯೂಯೆಲ್ ಇಂಜೆಕ್ಷನ್ ಬೈಕ್‌ನಲ್ಲಿ ಬ್ಯಾಟ್ರಿ ಪೂರ್ತಿ ಸತ್ತಿದ್ರೆ ಪೆಟ್ರೋಲ್ ಪಂಪ್ ಓಡಲ್ಲ, ಎಷ್ಟು ತಳ್ಳಿದ್ರೂ ಬೆವರು ಬರತ್ತೆ ಅಷ್ಟೇ. ಹೇಗೆ ಸ್ಟಾರ್ಟ್ ಮಾಡಿದ್ರೂ ಓಡ್ತಿರೋ ಬೈಕ್‌ನಿಂದ ಬ್ಯಾಟ್ರಿ ಬಿಚ್ಚಬೇಡಿ, ವೋಲ್ಟೇಜ್ ನೆಗೆದು ಎಲೆಕ್ಟ್ರಾನಿಕ್ಸ್ ಸುಡತ್ತೆ.

ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ರೆ ಚಾರ್ಜ್ ಆಗತ್ತೆ ಅಂತ ಸುಮಾರು ಜನ ನಂಬ್ಕೊಂಡಿದಾರೆ, ಹೆಡ್‌ಲೈಟ್ ಉರೀತಿದ್ರೆ ಐಡ್ಲಿಂಗ್‌ನಲ್ಲಿ ಬ್ಯಾಟ್ರಿಗೆ ಹೋಗೋದು ತೀರಾ ಕಮ್ಮಿ. ಸ್ವಲ್ಪ ರೇಸ್ ಮಾಡಿ ಹಿಡಿದು ಬ್ಯಾಟ್ರಿ ಮೇಲೆ ವೋಲ್ಟೇಜ್ ನೋಡಿ, 13.5ರಿಂದ 14.5 ಒಳಗೆ ಇರ್ಬೇಕು. 13 ದಾಟ್ತಾನೇ ಇಲ್ಲ ಅಂದ್ರೆ ಬೈಕ್ ಚಾರ್ಜ್ ಮಾಡ್ತಿಲ್ಲ, 15 ದಾಟ್ತಿದ್ರೆ ರೆಗ್ಯುಲೇಟರ್ ಹೋಗಿದೆ, ಎರಡರಲ್ಲೂ ಹೊಸ ಬ್ಯಾಟ್ರಿ ಹಾಕಿದ್ರೂ ಅದೂ ಹಾಳಾಗತ್ತೆ, ಮೆಕ್ಯಾನಿಕ್‌ಗೆ ಮೊದ್ಲು ಅದನ್ನೇ ತೋರ್ಸಿ.

ಇನ್ಮುಂದೆ ತಿಂಗಳುಗಟ್ಲೆ ನಿಲ್ಸೋದಿದ್ರೆ ಮೈನಸ್ ಬಿಚ್ಚಿಟ್ಟುಬಿಡಿ, ಗಡಿಯಾರ, ಅಲಾರಾಂ, ಜಿಪಿಎಸ್ ಟ್ರ್ಯಾಕರ್ ಎಲ್ಲ ಕೀ ಆಫ್ ಇದ್ರೂ ಸ್ವಲ್ಪ ಸ್ವಲ್ಪ ಕುಡೀತಾನೇ ಇರತ್ತೆ. ಬಿಚ್ಚಿಟ್ರೂ ಬ್ಯಾಟ್ರಿ ತಾನಾಗೇ ಇಳಿಯತ್ತೆ, ತಿಂಗಳಿಗೊಂದ್ಸಲ ನೋಡಿ 12.4ಕ್ಕೆ ಬಂದಿದ್ರೆ ಚಾರ್ಜ್‌ಗೆ ಹಾಕಿ. ಸದ್ಯಕ್ಕೆ ಮೀಟರ್ ಎಷ್ಟು ತೋರ್ಸ್ತು, ಬ್ಯಾಟ್ರಿ ಎಷ್ಟು ಆಂಪಿಯರ್ ಅವರ್, ಎಷ್ಟು ವರ್ಷ ಹಳೇದು ಇಷ್ಟು ಬರೀರಿ, ಉಳಿಯತ್ತಾ ಇಲ್ವಾ ಅಂತ ಅದ್ರ ಮೇಲೆ ಹೇಳ್ತೀನಿ.