ಇಸ್ರೇಲಿನ ಹೆಂಗಸರ ಚರಿತ್ರೆ ನೋಡಬೇಕೆಂದರೆ ಕಿನ್ನೆರೆತ್‌ನಿಂದ ಶುರು ಮಾಡಿ

ತಂಗಿ ಟೆಲ್ ಅವೀವ್‌ನಲ್ಲಿ ಕೇರ್‌ಗಿವರ್ ಆಗಿದ್ದಾಳೆ, ಅವಳ ಜೊತೆ ಎರಡು ದಿನ ತಿರುಗಾಡಬೇಕು, ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಒಬ್ಬರನ್ನು ಬಿಟ್ಟು ಅಲ್ಲಿನ ಹೆಂಗಸರ ಚರಿತ್ರೆ ಎಲ್ಲಿ ನೋಡಲು ಸಿಗುತ್ತದೆ ಎಂದು ಕೇಳಿದ್ದೀರಿ. ನಾನೂ ಮಂಗಳೂರು ಕಡೆಯವಳು, ಇಲ್ಲಿ ಅದೇ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗುತ್ತೇನೆ.

ಒಂದು ದಿನವನ್ನು ಪೂರ್ತಿ ಕಿನ್ನೆರೆತ್‌ಗೆ ಇಡಿ. ಬೈಬಲಿನ ಗಲಿಲಾಯ ಸಮುದ್ರ ಅಂದರೆ ಇದೇ ಸರೋವರ. ಯರ್ದೆನಿತ್‌ನಲ್ಲಿ ದೀಕ್ಷಾಸ್ನಾನಕ್ಕೆಂದು ಜೋರ್ಡಾನ್ ನದಿಗೆ ಇಳಿದು ಬರುವ ನಮ್ಮ ಊರಿನ ಯಾತ್ರಿಕರು ನಾನು ಹೇಳುವ ಜಾಗದ ಪಕ್ಕದಲ್ಲೇ ಹಾದುಹೋಗುತ್ತಾರೆ, ಆದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ.

ಅಲ್ಲಿ ಕಪ್ಪುಕಲ್ಲಿನಲ್ಲಿ ಕಟ್ಟಿದ ಹಳೆಯ ತೋಟದ ಮನೆಯಿದೆ, ಹೆಸರು ಹತ್ಸರ್ ಕಿನ್ನೆರೆತ್. 1911ರಲ್ಲಿ ಹನ್ನಾ ಮೈಝೆಲ್ ಎಂಬ ಕೃಷಿ ಪಂಡಿತೆ ಇಲ್ಲಿ ಹುಡುಗಿಯರಿಗಾಗಿಯೇ ಬೇಸಾಯದ ಶಾಲೆ ತೆರೆದರು. ಅದರ ಅಗತ್ಯ ಏನಿತ್ತು ಎಂಬುದೇ ಈ ಪ್ರವಾಸದ ತಿರುಳು. ರಷ್ಯಾದಿಂದ ಮನೆಮಠ ಬಿಟ್ಟು ಮಣ್ಣಿನ ಕೆಲಸಕ್ಕೆಂದು ಬಂದ ಯಹೂದಿ ಹುಡುಗಿಯರನ್ನು ಇಲ್ಲಿ ಅಡುಗೆಮನೆಗೆ, ಬಟ್ಟೆ ಒಗೆಯುವುದಕ್ಕೆ ಹಚ್ಚುತ್ತಿದ್ದರು. ಸಮಾನತೆಯ ಸಮಾಜ ಕಟ್ಟುತ್ತೇವೆ ಎಂದು ಹೊರಟ ಗಂಡಸರೇ ಹಾಗೆ ಮಾಡುತ್ತಿದ್ದರು! ತರಕಾರಿ, ಕೋಳಿ, ಹೈನು ಕಲಿತರೆ ಯಾರೂ ತಮ್ಮನ್ನು ಹೊಲದಿಂದ ಆಚೆ ಕಳಿಸಲಾರರು ಎಂಬುದು ಹನ್ನಾ ಅವರ ಲೆಕ್ಕ. ಪಕ್ಕದ ದೆಗಾನಿಯಾ 1910ರಲ್ಲಿ ಶುರುವಾದ ಮೊದಲ ಕಿಬ್ಬುತ್ಸ್, ಅಂದರೆ ಎಲ್ಲರೂ ಕೂಡಿ ದುಡಿದು ಹಂಚಿಕೊಂಡು ಬಾಳುವ ಊರು. ಅಲ್ಲಿ ಮಿರಿಯಮ್ ಬಾರಾಟ್ಸ್ ಎಂಬಾಕೆ ದನದ ಕೊಟ್ಟಿಗೆಯ ಕೆಲಸಕ್ಕಾಗಿ ಹಟ ಹಿಡಿದು, ಹತ್ತಿರದ ಅರಬ್ ಹೆಂಗಸರಿಂದ ಹಾಲು ಕರೆಯುವುದನ್ನು ಕಲಿತು ಬಂದರು. ಯುದ್ಧ, ಕುರ್ಚಿ ಯಾವುದೂ ಇಲ್ಲದ ಈ ಕಥೆ ನನ್ನನ್ನು ಹಿಡಿದಷ್ಟು ಬೇರೆ ಯಾವುದೂ ಹಿಡಿದಿಲ್ಲ.

ಹನ್ನಾ ಅವರ ಮೊದಲ ಶಿಷ್ಯೆಯರಲ್ಲಿ ಒಬ್ಬಳು ಕವಯಿತ್ರಿ ರಾಹೆಲ್. ನಿಮ್ಮ ತಂಗಿಯ ಪರ್ಸಿನಲ್ಲಿ ಕೆಂಪು ಬಣ್ಣದ 20 ಶೆಕೆಲ್ ನೋಟು ಇದ್ದರೆ ತೆಗೆದು ನೋಡಿ, ಅದರಲ್ಲಿರುವ ಮುಖ ಅವರದ್ದೇ. ಹುಟ್ಟಿದ್ದು 1890ರಲ್ಲಿ, ರಷ್ಯಾದಲ್ಲಿ. ಕೃಷಿ ಓದಲು ಫ್ರಾನ್ಸಿಗೆ ಹೋಗಿ, ಮೊದಲ ಮಹಾಯುದ್ಧದ ಕಾಲವನ್ನು ರಷ್ಯಾದಲ್ಲಿ ಕಳೆದು, 1919ರಲ್ಲಿ ಮರಳಿ ದೆಗಾನಿಯಾ ಸೇರಿದರು. ಕ್ಷಯ ಇದೆಯೆಂದು ಗೊತ್ತಾದಾಗ ಕಿಬ್ಬುತ್ಸಿನವರು ಅವರನ್ನು ಹೊರಗೆ ಕಳಿಸಿದರು. 1931ರಲ್ಲಿ ಟೆಲ್ ಅವೀವ್‌ನಲ್ಲಿ ತೀರಿಕೊಂಡರು, ನಲವತ್ತರ ಆಸುಪಾಸಿನಲ್ಲಿ. ರೋಗಿಗಳ ಆರೈಕೆಯನ್ನೇ ಕಸುಬು ಮಾಡಿಕೊಂಡ ನನಗೆ ಆ ಹೊರಗೆ ಕಳಿಸಿದ ಸಂಗತಿ ಇವತ್ತಿಗೂ ನುಂಗಲಾಗದು. ಗೈಡ್ ಅದನ್ನು ಹಾರಿಸಿ ಮುಂದೆ ಹೋದರೆ ನೀವಾಗಿ ಕೇಳಿ. ಸಮಾಧಿ ಇರುವುದು ಸರೋವರದ ದಂಡೆಯ ಸ್ಮಶಾನದಲ್ಲಿ. ಅಲ್ಲಿಗೆ ಬಂದವರು ಓದಲೆಂದು ಅವರ ಕವಿತೆಗಳ ಪುಸ್ತಕವನ್ನು ಪಕ್ಕದಲ್ಲೇ ಇಟ್ಟಿರುತ್ತಾರೆ. ಶಾಲೆಯ ಮಕ್ಕಳ ಗುಂಪು ಬಂದಿದ್ದರೆ ಸ್ವಲ್ಪ ಹೊತ್ತು ನಿಲ್ಲಿ, ಅವರು ಗಟ್ಟಿಯಾಗಿ ಓದುತ್ತಾರೆ.

ಇನ್ನೊಂದು ಮಾತನ್ನೂ ಕೇಳಬೇಕು. ಇದೇ ದಡದಲ್ಲಿ ಸಮಖ್ ಎಂಬ ಅರಬ್ ಊರಿತ್ತು, 1948ರ ಅರಬ್-ಇಸ್ರೇಲ್ ಯುದ್ಧದಲ್ಲಿ ಖಾಲಿಯಾಯಿತು. ಹಾಲು ಕರೆಯುವುದನ್ನು ಕಲಿಸಿದ ಹೆಂಗಸರ ಹೆಸರು ಯಾವ ಫಲಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎರಡನೇ ದಿನ ಇನ್ನೊಂದು ಹಳೆಯ ಊರಾದ ಝಿಖ್ರೋನ್ ಯಾಕೊವ್‌ಗೆ ಹೋಗಿ. ಅಲ್ಲಿನ ಆರನ್‌ಸನ್ ಮನೆ ಈಗ ಮ್ಯೂಸಿಯಂ. ತುರ್ಕರ ಆಳ್ವಿಕೆಯಲ್ಲಿ ಬ್ರಿಟಿಷರಿಗೆ ಸುದ್ದಿ ಮುಟ್ಟಿಸುತ್ತಿದ್ದ ನಿಲಿ ಗೂಢಚಾರ ತಂಡವನ್ನು ಅದರ ಮುಖ್ಯಸ್ಥನಾಗಿದ್ದ ತಮ್ಮ ಅಣ್ಣ ಊರಲ್ಲಿ ಇಲ್ಲದ ಕಾಲದಲ್ಲಿ ನಡೆಸಿದ್ದು ಸಾರಾ ಆರನ್‌ಸನ್. 1917ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದು, ಚಿತ್ರಹಿಂಸೆಗೆ ಬಾಯಿಬಿಡದೆ ತಾವೇ ಗುಂಡು ಹಾರಿಸಿಕೊಂಡರು. ಎಲ್ಲರೂ ಆ ಸಾವನ್ನೇ ಹೇಳುತ್ತಾರೆ. ಆಕೆ ತಂಡ ನಡೆಸಿದ ರೀತಿಯನ್ನು ಕೇಳಿ ತಿಳಿದುಕೊಳ್ಳಿ. ಹೊತ್ತು ಉಳಿದರೆ ಹತ್ತಿರದ ಸ್ದೋತ್ ಯಾಮ್‌ನಲ್ಲಿ ಹನ್ನಾ ಸೆನೆಶ್ ನೆನಪಿನ ಮನೆ ಇದೆ. 1944ರಲ್ಲಿ ನಾಜಿಗಳ ವಿರುದ್ಧದ ಕೆಲಸಕ್ಕಾಗಿ ಪ್ಯಾರಾಶೂಟಿನಲ್ಲಿ ಯುಗೊಸ್ಲಾವಿಯಕ್ಕೆ ಇಳಿದು, ಹಂಗೇರಿಗೆ ದಾಟಿ ಸಿಕ್ಕಿಬಿದ್ದು, ಬುಡಾಪೆಸ್ಟಿನಲ್ಲಿ ಗುಂಡಿಗೆ ಬಲಿಯಾದ ಹುಡುಗಿ. ಆಕೆ ಓದಿದ ನಹಲಾಲ್‌ನ ಕೃಷಿ ಶಾಲೆಯನ್ನು ಕಟ್ಟಿದ್ದೂ ಇದೇ ಹನ್ನಾ ಮೈಝೆಲ್.

ತಂಗಿಗೆ ವಾರದ ರಜೆ ಶನಿವಾರವೇ ಇರಬಹುದು. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ ಹೆಚ್ಚಿನ ಕಡೆ ಬಸ್ಸು, ರೈಲು ಇರುವುದಿಲ್ಲ. ಹಾಗಾಗಿ ವಾರದ ನಡುವೆ ರಜೆ ಕೊಡಲು ಅವಳು ಈಗಲೇ ಮನೆಯವರನ್ನು ಕೇಳಲಿ. ಹತ್ಸರ್ ಕಿನ್ನೆರೆತ್‌ಗೆ ಫೋನ್ ಮಾಡಿ ಇಂಗ್ಲಿಷ್ ಗೈಡ್ ಯಾವ ದಿನ ಸಿಗುತ್ತಾರೆಂದು ತಿಳಿದುಕೊಂಡು, ಆಮೇಲೆ ದಿನ ಗೊತ್ತುಮಾಡಿ.